ಹೊಸ ಊರಲ್ಲಿ ಗೆಳೆಯರಿಲ್ಲ. ಆ್ಯಪ್ ನಂಬಿಕೊಂಡು ಗುಂಪು ಸೇರಬಹುದಾ?

ಒಂಟಿನಡಿಗೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಕೆಲಸದ ಕಾರಣಕ್ಕೆ ಹೊಸ ಊರಿಗೆ ಬಂದಿದ್ದೇನೆ. ವಯಸ್ಸು ಮೂವತ್ತು ದಾಟಿದೆ. ಕೆಲಸ ಪೂರ್ತಿ ಮನೆಯಿಂದಲೇ, ಹಾಗಾಗಿ ಆಫೀಸಿನ ಗೆಳೆತನ ಅನ್ನುವುದೂ ಇಲ್ಲ. ಮೀಟಿಂಗ್‌ನಲ್ಲಿ ಮಾತಿಗೆ ಸಿಗುವವರೆಲ್ಲ ಬೇರೆ ಬೇರೆ ಊರಲ್ಲಿದ್ದಾರೆ. ಶುಕ್ರವಾರ ಸಂಜೆ ಲ್ಯಾಪ್‌ಟಾಪ್ ಮುಚ್ಚಿದರೆ ಸೋಮವಾರ ಬೆಳಿಗ್ಗೆವರೆಗೆ ಯಾರ ಜೊತೆಗೂ ಎದುರಾಎದುರು ಮಾತಾಡಿರುವುದಿಲ್ಲ. ಮನೆಯವರಿಗೆ ಫೋನ್ ಮಾಡುತ್ತೇನೆ, ಹಳೇ ಗೆಳೆಯರ ವಾಟ್ಸಾಪ್ ಗ್ರೂಪ್ ಇದೆ. ಆದರೂ ಪಕ್ಕದಲ್ಲಿ ಕೂತು ಹರಟುವವರು ಒಬ್ಬರಾದರೂ ಬೇಕು ಅನ್ನಿಸುತ್ತದೆ.

ಅದಕ್ಕೇ ಒಂದು ಫ್ರೆಂಡ್‌ಶಿಪ್ ಆ್ಯಪ್ ಹಾಕಿಕೊಂಡೆ. ಫೋಟೋ, ನಾಲ್ಕು ಸಾಲಿನ ಪರಿಚಯ, ಆಸಕ್ತಿಗಳ ಪಟ್ಟಿ. ಮುಖ ನೋಡಿ ಬಲಕ್ಕೆ ಸರಿಸಬೇಕು, ಇಲ್ಲವೇ ಎಡಕ್ಕೆ. ಮ್ಯಾಚ್ ಏನೋ ಆಗುತ್ತವೆ. "ಹಾಯ್", "ಹೇಗಿದ್ದೀರಿ", "ಏನು ಕೆಲಸ", "ಓ ಹೌದಾ, ಸೂಪರ್". ಅಲ್ಲಿಗೆ ನಿಲ್ಲುತ್ತದೆ. ಅವರೂ ಏನೂ ಕೇಳುವುದಿಲ್ಲ, ನನಗೂ ಮುಂದೇನು ಕೇಳಬೇಕು ತೋಚುವುದಿಲ್ಲ. ಒಬ್ಬರ ಜೊತೆ ಮಾತ್ರ ಭೇಟಿಯಾಗೋಣ ಅನ್ನುವವರೆಗೆ ಬಂತು. ಅವತ್ತು ಬೆಳಿಗ್ಗೆ "ಇವತ್ತು ಆಗಲ್ಲ, ಇನ್ನೊಂದು ದಿನ ನೋಡೋಣ" ಅಂತ ಮೆಸೇಜ್. ಆ ಇನ್ನೊಂದು ದಿನ ಬರಲೇ ಇಲ್ಲ.

ಆಮೇಲೆ ಗುಂಪುಗಳನ್ನು ಹುಡುಕುವ ಬೇರೆ ಆ್ಯಪ್ ನೋಡಿದೆ. "ನಿಮ್ಮ ಹತ್ತಿರದ ಗುಂಪುಗಳು" ಅಂತ ಉದ್ದ ಪಟ್ಟಿ ಬಂತು. ಚೆಸ್, ನಡಿಗೆ, ಹಕ್ಕಿ ನೋಡುವವರು, ಪುಸ್ತಕ ಓದುವವರು, ಫೋಟೋ ತೆಗೆಯುವವರು. ಖುಷಿಯಾಯಿತು. ತೆರೆದು ನೋಡಿದರೆ ಸಾವಿರಾರು ಸದಸ್ಯರಿರುವ ಗುಂಪಿನಲ್ಲಿ ಒಂದು ವರ್ಷದಿಂದ ಒಂದೂ ಕಾರ್ಯಕ್ರಮವಿಲ್ಲ. ಇನ್ನೊಂದರಲ್ಲಿ ದಿನಾ ಕಾರ್ಯಕ್ರಮ, ಆದರೆ ಎಲ್ಲವೂ ಆನ್‌ಲೈನ್.

ಕೊನೆಗೆ ಬೋರ್ಡ್ ಗೇಮ್ ಆಡುವ ಒಂದು ಗುಂಪಿಗೆ ಹೋದೆ. ಆ್ಯಪ್‌ನಲ್ಲಿ ಬರುತ್ತೇವೆ ಎಂದವರಲ್ಲಿ ಅರ್ಧದಷ್ಟೂ ಬಂದಿರಲಿಲ್ಲ. ಬಂದವರು ಒಬ್ಬರಿಗೊಬ್ಬರು ಮೊದಲೇ ಗೊತ್ತಿದ್ದವರು. ಒಳ್ಳೆಯವರೇ. ಆಟ ಹೇಳಿಕೊಟ್ಟರು, ಜಾಗ ಬಿಟ್ಟುಕೊಟ್ಟರು. ಆದರೆ ಅವರ ಹಳೇ ಮಾತು, ಹಳೇ ತಮಾಷೆ ನನಗೆ ಹತ್ತಲಿಲ್ಲ. ಮನೆಗೆ ಬಂದ ಮೇಲೆ ಇನ್ನೊಮ್ಮೆ ಹೋಗಬೇಕಾ ಬೇಡವಾ ಅಂತ ಇನ್ನೂ ಯೋಚನೆ ಮಾಡುತ್ತಲೇ ಇದ್ದೇನೆ.

ಹೀಗೆ ಆ್ಯಪ್ ಮೂಲಕ ಸಿಕ್ಕಿ ನಿಜವಾಗಿ ಗೆಳೆಯರಾದವರು ಇಲ್ಲಿ ಯಾರಾದರೂ ಇದ್ದೀರಾ? ಯಾವ ತರಹದ ಆ್ಯಪ್ ಒಳ್ಳೆಯದು, ಒಬ್ಬೊಬ್ಬರನ್ನೇ ಹುಡುಕುವುದೋ, ಗುಂಪು ಹುಡುಕುವುದೋ? ಗುಂಪು ಜೀವಂತ ಇದೆಯಾ ಅಂತ ಹೋಗುವ ಮೊದಲೇ ತಿಳಿಯುವುದು ಹೇಗೆ?

ಕಪ್ಪುಬಿಳುಪು:

ನಾನು ಚೆಸ್ ಆಡುವವನು. ನನಗೆ ಈಗ ಇರುವ ಇಬ್ಬರು ಹತ್ತಿರದ ಗೆಳೆಯರು ಆ್ಯಪ್‌ನಲ್ಲೇ ಸಿಕ್ಕಿದ್ದು. ಹಾಗಾಗಿ ಆಗಲ್ಲ ಅಂದುಕೊಳ್ಳಬೇಡಿ.

ಚಾಟ್ ಸಾಯುವುದಕ್ಕೆ ಕಾರಣ ನೀವೂ ಅಲ್ಲ, ಅವರೂ ಅಲ್ಲ. ಇಬ್ಬರೂ ಸೇರಿ ಮಾಡುವಂಥದ್ದು ಅಲ್ಲಿ ಏನೂ ಇಲ್ಲ, ಅಷ್ಟೇ. ನಿಮ್ಮ ಪರಿಚಯದಲ್ಲಿ ಏನು ಬರೆದಿದ್ದೀರಿ ಒಮ್ಮೆ ನೋಡಿ. "ಸಂಗೀತ, ಸಿನಿಮಾ, ಪ್ರವಾಸ" ಅಂತ ಎಲ್ಲರೂ ಬರೆಯುತ್ತಾರೆ. ಅದನ್ನು ಓದಿ ಯಾರು ಏನು ಕೇಳಬೇಕು? ನಾನು ಬರೆದಿದ್ದು ಹೀಗೆ: "ಭಾನುವಾರ ಬೆಳಿಗ್ಗೆ ಚೆಸ್ ಆಡಲು ಜೊತೆ ಬೇಕು. ಬೋರ್ಡ್, ಗಡಿಯಾರ ನನ್ನ ಹತ್ತಿರ ಇದೆ. ಸುಮಾರಾಗಿ ಆಡುತ್ತೇನೆ. ಸೋತರೆ ಬೇಜಾರಿಲ್ಲ." ಆಮೇಲೆ ಬಂದ ಮೆಸೇಜ್ ಕಡಿಮೆ. ಆದರೆ ಬಂದವರೆಲ್ಲ ಸೀದಾ ಭಾನುವಾರದ ವಿಷಯವನ್ನೇ ಮಾತಾಡಿದರು.

ಇನ್ನೊಂದು. ಚಾಟ್‌ನಲ್ಲಿ ವಾರಗಟ್ಟಲೆ ಎಳೆಯಬೇಡಿ. ಮಾತು ಸರಿಹೋಗುತ್ತಿದೆ ಅನ್ನಿಸಿದ ಕೂಡಲೇ ದಿನ, ಹೊತ್ತು, ಜಾಗ ಹೇಳಿ ಕೇಳಿಬಿಡಿ. "ಯಾವತ್ತಾದರೂ ಸಿಗೋಣ" ಅಂದರೆ ಯಾರೂ ಸಿಗುವುದಿಲ್ಲ. "ಈ ಶನಿವಾರ ಹತ್ತು ಗಂಟೆಗೆ ಲೈಬ್ರರಿ ಮುಂದೆ ಇರುತ್ತೇನೆ, ಬರ್ತೀರಾ?" ಅಂದರೆ ಹೂಂ ಅಥವಾ ಊಹೂಂ, ಎರಡರಲ್ಲಿ ಒಂದು ಸಿಗುತ್ತದೆ. ಎರಡೂ ಒಳ್ಳೆಯದೇ.

ಹಸಿರುಕೊಡೆ:

ನಾನು ಸಂಜೆ ನಡಿಗೆಯ ಒಂದು ಗುಂಪು ನಡೆಸುತ್ತೇನೆ, ಕೆಲವು ವರ್ಷಗಳಾಯಿತು. ಹೊಸಬರು ಬರುವುದನ್ನೂ, ಕೆಲವರು ಒಂದೇ ಸಲ ಬಂದು ಕಾಣೆಯಾಗುವುದನ್ನೂ, ಕೆಲವರು ನಿಂತು ಗೆಳೆಯರಾಗುವುದನ್ನೂ ಕಣ್ಣಾರೆ ನೋಡಿದ್ದೇನೆ. ನಿಮ್ಮ ಪ್ರಶ್ನೆ ಓದಿದ ಕೂಡಲೇ ಬರೆಯಬೇಕು ಅನ್ನಿಸಿತು. ಸ್ವಲ್ಪ ಉದ್ದವಾಗುತ್ತದೆ, ಸಮಾಧಾನವಾಗಿ ಓದಿ.

ಮೊದಲು ಆ್ಯಪ್ ವಿಷಯ. ಎರಡು ಜಾತಿ ಇವೆ, ಹುಟ್ಟಿದ್ದೇ ಬೇರೆ ಬೇರೆ ಕಾರಣಕ್ಕೆ. ಗುಂಪು ಹುಡುಕುವ ಮೀಟಪ್ ಶುರುವಾಗಿದ್ದು 2002ರಲ್ಲಿ, ನ್ಯೂಯಾರ್ಕ್‌ನಲ್ಲಿ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಲ್ಲಿಯ ಜನ, ಅದುವರೆಗೆ ಮುಖ ಎತ್ತಿಯೂ ನೋಡದಿದ್ದ ನೆರೆಹೊರೆಯವರ ಜೊತೆ ಮಾತಾಡತೊಡಗಿದರು. ಅದನ್ನು ಕಂಡು ಸ್ಕಾಟ್ ಹೈಫರ್‌ಮನ್ ಮತ್ತು ಅವರ ಜೊತೆಗಾರರು, ಇಂಟರ್‌ನೆಟ್ ಬಳಸಿ ಜನರನ್ನು ಮನೆಯಿಂದ ಹೊರಗೆ ತರಬಹುದಾ ಅಂತ ಯೋಚಿಸಿದರು. ಅಲ್ಲಿ ಮೊದಲು ಕಾಣುವುದು ಗುಂಪು, ದಿನ, ಜಾಗ. ವ್ಯಕ್ತಿ ಆಮೇಲೆ. ಬಂಬಲ್ ಹಾಗಲ್ಲ. ಅದು 2014ರಲ್ಲಿ ಡೇಟಿಂಗ್ ಆ್ಯಪ್ ಆಗಿ ಬಂತು. 2016ರಲ್ಲಿ ಅದರೊಳಗೆ ಗೆಳೆತನಕ್ಕೆ ಬಿಎಫ್‌ಎಫ್ ಅನ್ನುವ ಭಾಗ ಸೇರಿಸಿದರು. 2023ರಲ್ಲಿ ಅದನ್ನು ಬೇರೆ ಆ್ಯಪ್ ಮಾಡಿದರು. ಮುಖ ನೋಡಿ ಸರಿಸುವ ಪದ್ಧತಿ ಜೋಡಿ ಹುಡುಕುವ ಕಡೆಯಿಂದ ಬಂದಿದ್ದು. ಗೆಳೆತನಕ್ಕೆ ಅದು ಅಷ್ಟಾಗಿ ಒಗ್ಗುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. 2024ರಲ್ಲಿ ಬಂಬಲ್‌ನವರೇ ಜಿನೀವಾ ಅನ್ನುವ ಗುಂಪುಗಳ ಆ್ಯಪ್ ಕೊಂಡುಕೊಂಡರು. ಅವರೂ ಗುಂಪಿನ ಕಡೆಗೇ ತಿರುಗಿದರು ಅಲ್ವಾ?

ಕಪ್ಪುಬಿಳುಪು ಅವರಿಗೆ ಒಬ್ಬೊಬ್ಬರನ್ನೇ ಹುಡುಕುವುದು ಸರಿಹೋಯಿತು, ಯಾಕೆಂದರೆ ಅವರ ಹತ್ತಿರ ಚೆಸ್ ಬೋರ್ಡ್ ಇತ್ತು. ನೀವು ಗುಂಪಿನಿಂದ ಶುರು ಮಾಡಿ. ಇಬ್ಬರೇ ಇದ್ದಾಗ ಮಾತು ನಿಂತರೆ ಹೊರೆ ನಿಮ್ಮ ತಲೆ ಮೇಲೆ ಬೀಳುತ್ತದೆ. ಎಂಟು ಜನರಲ್ಲಿ ನೀವು ಸುಮ್ನೆ ಇದ್ದರೂ ನಡೆಯುತ್ತದೆ.

ಈಗ ಗುಂಪು ಜೀವಂತ ಇದೆಯಾ ಅಂತ ನೋಡುವುದು. ಸದಸ್ಯರ ಸಂಖ್ಯೆ ನೋಡಲೇಬೇಡಿ. ಸೇರುವುದಕ್ಕೆ ಒಂದು ಗುಂಡಿ ಒತ್ತಿದರೆ ಸಾಕು, ಬಿಡುವುದು ಯಾರಿಗೂ ನೆನಪಿರುವುದಿಲ್ಲ. ಹಾಗಾಗಿ ಊರು ಬಿಟ್ಟು ಹೋದವರೂ ಆ ಲೆಕ್ಕದಲ್ಲಿ ಇರುತ್ತಾರೆ. ನೀವು ನೋಡಬೇಕಾದ್ದು ಹಿಂದಿನ ಕಾರ್ಯಕ್ರಮಗಳ ಪಟ್ಟಿ. ಪ್ರತಿ ವಾರ ಅಥವಾ ಎರಡು ವಾರಕ್ಕೊಮ್ಮೆ, ಅದೇ ದಿನ, ಅದೇ ಹೊತ್ತಿಗೆ ನಡೆದಿದೆಯಾ? ಫೋಟೋಗಳಲ್ಲಿ ಒಂದಷ್ಟು ಮುಖಗಳು ಮತ್ತೆ ಮತ್ತೆ ಕಾಣುತ್ತವೆಯಾ? ಪ್ರತಿ ಫೋಟೋದಲ್ಲೂ ಎಲ್ಲರೂ ಹೊಸಬರೇ ಆಗಿದ್ದರೆ, ಬಂದವರು ನಿಲ್ಲುತ್ತಿಲ್ಲ ಅಂತ ಅರ್ಥ. ಪ್ರತಿ ಫೋಟೋದಲ್ಲೂ ಅದೇ ಐದು ಜನ ಇದ್ದರೆ, ಹೊಸಬರನ್ನು ಒಳಗೆ ಬಿಟ್ಟುಕೊಳ್ಳುತ್ತಿಲ್ಲ. ಎರಡೂ ಕಲೆತಿರಬೇಕು.

ಕಾರ್ಯಕ್ರಮದ ವಿವರವನ್ನೂ ಓದಿ. "ಬನ್ನಿ, ಮಜಾ ಮಾಡೋಣ" ಅಂತ ಇದ್ದರೆ ನನಗೆ ಅನುಮಾನ. ನಾನು ಬರೆಯುವುದು ಹೀಗಿರುತ್ತದೆ: "ಪಾರ್ಕಿನ ದೊಡ್ಡ ಗೇಟಿನ ಒಳಗೆ ಬಂದು ಎಡಕ್ಕೆ ಮೊದಲ ಬೆಂಚು. ಹಸಿರು ಕೊಡೆ ಹಿಡಿದಿರುತ್ತೇನೆ, ಬಿಸಿಲಿದ್ದರೂ. ಆರು ಗಂಟೆಗೆ ಸೇರುತ್ತೇವೆ, ಆರೂ ಹತ್ತಕ್ಕೆ ಹೊರಡುತ್ತೇವೆ. ನಿಧಾನ ನಡಿಗೆ, ಒಂದೂವರೆ ಗಂಟೆ. ನಡುವೆ ಹೊರಟುಹೋಗಬೇಕು ಅನ್ನಿಸಿದರೆ ಹೋಗಬಹುದು, ಯಾರೂ ಏನೂ ಕೇಳುವುದಿಲ್ಲ." ಹೊಸಬರಿಗೆ ಇರುವ ಮೊದಲ ಭಯ ಏನು ಗೊತ್ತಾ? ಜಾಗಕ್ಕೆ ಹೋಗಿ ನಿಂತಾಗ ಇವರೇನಾ ಅವರು ಅಂತ ಗೊತ್ತಾಗದೆ ಪರದಾಡುವುದು. ಎಷ್ಟೋ ಜನ ದೂರದಿಂದ ನೋಡಿ ವಾಪಸ್ ಹೋಗಿರುತ್ತಾರೆ. ಕೊಡೆ ಹಿಡಿಯಲು ಶುರು ಮಾಡಿದ ಮೇಲೆ ಜನ ಸೀದಾ ನನ್ನ ಹತ್ತಿರ ಬರುತ್ತಾರೆ. ನಡೆಸುವವರು ಇಷ್ಟು ಯೋಚನೆ ಮಾಡಿ ಬರೆದಿದ್ದಾರೆ ಅಂದರೆ ಹೋದವರನ್ನೂ ವಿಚಾರಿಸಿಕೊಳ್ಳುತ್ತಾರೆ.

ಹೋಗುವ ಮೊದಲು ನಡೆಸುವವರಿಗೆ ಒಂದು ಮೆಸೇಜ್ ಹಾಕಿ. "ಮೊದಲ ಸಲ ಬರುತ್ತಿದ್ದೇನೆ, ಯಾರೂ ಗೊತ್ತಿಲ್ಲ" ಅಂತ. ನನಗೆ ಯಾರಾದರೂ ಹಾಗೆ ಬರೆದರೆ ಅವತ್ತು ಅವರಿಗಾಗಿ ಕಣ್ಣಿಟ್ಟಿರುತ್ತೇನೆ, ಮಾತಿಗೆ ಸರಿಹೊಂದುವ ಒಬ್ಬರ ಪಕ್ಕಕ್ಕೆ ಸೇರಿಸುತ್ತೇನೆ. ಉತ್ತರವೇ ಬರದಿದ್ದರೆ ಅದೂ ಒಂದು ಉತ್ತರ.

ಬರುತ್ತೇನೆ ಎಂದು ಒತ್ತಿ ಬಾರದವರ ಬಗ್ಗೆ ಒಂದು ಮಾತು. ಇದು ನನಗೆ ತುಂಬಾ ನೋವು ಕೊಡುವ ವಿಷಯ. ನನ್ನ ಗುಂಪಿನಲ್ಲಿ ಹತ್ತೇ ಜನಕ್ಕೆ ಜಾಗ ಇಟ್ಟಿದ್ದೇನೆ, ಜಾಸ್ತಿ ಆದರೆ ಮಾತಾಡಲು ಆಗುವುದಿಲ್ಲ. ಉಳಿದವರು ವೇಟಿಂಗ್ ಲಿಸ್ಟ್‌ನಲ್ಲಿ ಇರುತ್ತಾರೆ. ಬರಲಾಗದವರು ಹಿಂದಿನ ದಿನ ಹೆಸರು ತೆಗೆದರೆ ಆ್ಯಪ್ ತಾನಾಗಿ ಮುಂದಿನವರಿಗೆ ಜಾಗ ಕೊಡುತ್ತದೆ. ತೆಗೆಯದೇ ಮನೆಯಲ್ಲಿ ಕೂತರೆ, ಬರಬೇಕು ಅಂತ ಕಾದಿದ್ದ ಒಬ್ಬರು ಬರಲಾಗದೆ ಉಳಿದರು ಅಂತ ಅರ್ಥ. ನೀವು ದಯವಿಟ್ಟು ಹಾಗೆ ಮಾಡಬೇಡಿ. ಹೇಳಿದ ಮೇಲೆ ಬರುವವರನ್ನು ನಡೆಸುವವರು ಬಹಳ ಬೇಗ ಗುರುತಿಟ್ಟುಕೊಳ್ಳುತ್ತಾರೆ.

ಎಷ್ಟು ಸಲ ಹೋಗಬೇಕು ಅನ್ನುವುದಕ್ಕೆ ಈಗ ಬರುತ್ತೇನೆ. ಜಾಸ್ತಿ ಹೇಳಬೇಕಾದ್ದು ಇಲ್ಲೇ. ಅಮೆರಿಕದ ಕನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅನ್ನುವವರು ಗೆಳೆತನಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಅಧ್ಯಯನ ಮಾಡಿ 2018ರಲ್ಲಿ ಪ್ರಕಟಿಸಿದರು. ಅವರು ಕೇಳಿದ್ದು ಯಾರನ್ನು ಗೊತ್ತಾ? ಇತ್ತೀಚೆಗೆ ಊರು ಬದಲಿಸಿದ ದೊಡ್ಡವರನ್ನು ಮತ್ತು ಆಗತಾನೇ ಕಾಲೇಜು ಸೇರಿದ ಮಕ್ಕಳನ್ನು. ಅಂದರೆ ಥೇಟ್ ನಿಮ್ಮಂಥವರನ್ನು. ಬರೀ ಮುಖಪರಿಚಯ ಇದ್ದವರು ಸಾಧಾರಣ ಸ್ನೇಹಿತರಾಗಲು ಸುಮಾರು 50 ಗಂಟೆ ಜೊತೆಗೆ ಕಳೆಯಬೇಕು, ಸ್ನೇಹಿತ ಅನ್ನಿಸಿಕೊಳ್ಳಲು 90 ಗಂಟೆ, ಆಪ್ತರಾಗಲು 200ಕ್ಕೂ ಜಾಸ್ತಿ ಅನ್ನುವುದು ಅವರ ಅಂದಾಜು.

ಈ ಲೆಕ್ಕವನ್ನು ಗುಂಪಿಗೆ ಹಾಕಿ ನೋಡಿ. ವಾರಕ್ಕೊಮ್ಮೆ ಎರಡು ಗಂಟೆ ಸಿಗುವ ಗುಂಪಾದರೆ 50 ಗಂಟೆಗೆ 25 ವಾರ, ಹೆಚ್ಚುಕಡಿಮೆ ಆರು ತಿಂಗಳು. ತಿಂಗಳಿಗೊಮ್ಮೆ ಸಿಗುವ ಗುಂಪಾದರೆ ಎರಡು ವರ್ಷ ದಾಟುತ್ತದೆ. ಒಂದು ಸಂಜೆ ಹೋಗಿ ಬಂದು "ಹೊಂದಲಿಲ್ಲ" ಅನ್ನುವುದು ಬಹಳ ಬೇಗ ಆಯಿತು. ಅದಕ್ಕೇ ನಾನು ಹೊಸಬರಿಗೆ ಹೇಳುವುದು, ಐದು ಗುಂಪಿಗೆ ಒಂದೊಂದು ಸಲ ಹೋಗಬೇಡಿ, ಒಂದೇ ಗುಂಪಿಗೆ ಬಿಡದೆ ಹೋಗಿ. ವಾರಕ್ಕೊಮ್ಮೆ ನಡೆಯುವುದನ್ನೇ ಆರಿಸಿಕೊಳ್ಳಿ. ವಿಷಯ ನಿಮಗೆ ಅಷ್ಟೇನೂ ಇಷ್ಟವಿಲ್ಲದಿದ್ದರೂ ಪರವಾಗಿಲ್ಲ, ಹತ್ತಿರದಲ್ಲಿ ನಡೆಯಬೇಕು. ದೂರ ಇದ್ದರೆ ಮಳೆ ಬಂದ ದಿನ, ಸುಸ್ತಾದ ದಿನ ತಪ್ಪಿಸಿಕೊಳ್ಳುತ್ತೀರಿ. ತಪ್ಪಿಸಿಕೊಂಡ ವಾರಗಳೇ ಗೆಳೆತನವನ್ನು ಮುರಿಯುವುದು.

ಹಾಲ್ ಅವರ ಅಧ್ಯಯನದಲ್ಲಿ ಇನ್ನೊಂದು ಮಾತಿದೆ. ಬರೀ ಲೋಕಾಭಿರಾಮದ ಮಾತು ಜನರನ್ನು ಹತ್ತಿರ ತರುವುದಿಲ್ಲ. ತಮಾಷೆ, ಕಳೆದ ವಾರ ಹೇಳಿದ್ದು ಏನಾಯಿತು ಅಂತ ವಿಚಾರಿಸುವುದು, ಮನಸ್ಸಿನಲ್ಲಿದ್ದದ್ದನ್ನು ಹೇಳಿಕೊಳ್ಳುವುದು, ಇವು ತರುತ್ತವೆ. ನಡಿಗೆಯಲ್ಲಿ ಇದನ್ನು ನಾನು ದಿನಾ ನೋಡುತ್ತೇನೆ. "ನಿಮ್ಮ ತಾಯಿಯ ಕಣ್ಣಿನ ಆಪರೇಷನ್ ಹೇಗಾಯಿತು?" ಅಂತ ಒಬ್ಬರು ಇನ್ನೊಬ್ಬರನ್ನು ಕೇಳಿದ ದಿನ ಅವರಿಬ್ಬರೂ ಗುಂಪಿನ ಹಿಂದೆ ಉಳಿದು ಬೇರೆಯಾಗಿಯೇ ನಡೆಯತೊಡಗುತ್ತಾರೆ. ನಾನು ತಿರುಗಿ ಕರೆಯುವುದಿಲ್ಲ.

ಒಂಟಿನಡಿಗೆ:

ಮೇಡಂ, ತುಂಬಾ ಧನ್ಯವಾದ. 50 ಗಂಟೆಯ ಲೆಕ್ಕ ಓದಿ ಮೊದಲು ಎದೆ ಝಲ್ ಅಂದಿತು, ಆಮೇಲೆ ಹಗುರವಾಯಿತು. ನನ್ನಲ್ಲೇ ಏನೋ ಕೊರತೆ ಇದೆ ಅಂದುಕೊಂಡಿದ್ದೆ.

ಆ ಬೋರ್ಡ್ ಗೇಮ್ ಗುಂಪಿನ ಹಳೇ ಕಾರ್ಯಕ್ರಮಗಳನ್ನು ಈಗ ನೋಡಿದೆ. ಪ್ರತಿ ಗುರುವಾರ ತಪ್ಪದೆ ನಡೆದಿದೆ, ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಹಾಗಾಗಿ ಮತ್ತೆ ಹೋಗುತ್ತೇನೆ. ಆದರೆ ಅವರೆಲ್ಲ ಒಬ್ಬರಿಗೊಬ್ಬರು ಗೊತ್ತಿರುವಾಗ ನಡುವೆ ನುಗ್ಗಿದ ಹಾಗೆ ಅನ್ನಿಸುತ್ತದಲ್ಲ, ಅದಕ್ಕೆ ಏನು ಮಾಡುವುದು? ಅವರಿಗೆ ನಾನು ಬಂದಿದ್ದು ಇಷ್ಟವಾಯಿತೋ ಇಲ್ಲವೋ ಅದೂ ಗೊತ್ತಾಗಲಿಲ್ಲ.

ಮೌನಿ:

ಇದಕ್ಕೆ ನಾನು ಉತ್ತರ ಕೊಡುತ್ತೇನೆ, ನಾನೂ ಅದೇ ಜಾತಿ.

ಮೊದಲು, ಇಷ್ಟವಾಯಿತೋ ಇಲ್ಲವೋ ಅನ್ನುವ ಪ್ರಶ್ನೆಗೆ. 2018ರಲ್ಲೇ ಎರಿಕಾ ಬೂತ್‌ಬಿ ಮತ್ತು ಅವರ ಜೊತೆಗಾರರು ಒಂದು ಸಂಶೋಧನೆ ಪ್ರಕಟಿಸಿದರು. ಅಪರಿಚಿತರು ಇಬ್ಬರನ್ನು ಮಾತಾಡಲು ಬಿಟ್ಟು, ಆಮೇಲೆ ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದರು: ಅವರು ನಿಮಗೆ ಎಷ್ಟು ಇಷ್ಟವಾದರು, ನೀವು ಅವರಿಗೆ ಎಷ್ಟು ಇಷ್ಟವಾದಿರಿ ಅಂದುಕೊಂಡಿದ್ದೀರಿ? ಸಾಮಾನ್ಯವಾಗಿ ಜನ ತಾವು ಎದುರಿನವರಿಗೆ ಇಷ್ಟವಾದದ್ದನ್ನು ನಿಜಕ್ಕಿಂತ ಕಡಿಮೆಯಾಗಿಯೇ ಲೆಕ್ಕ ಹಾಕಿದ್ದರು. ನಾಚಿಕೆ ಸ್ವಭಾವದವರಲ್ಲಿ ಈ ಅಂತರ ಇನ್ನೂ ಜಾಸ್ತಿ. ನಾನು ಇದನ್ನು ಓದಿದ ಮೇಲೆ, ಮನೆಗೆ ಬರುವ ದಾರಿಯಲ್ಲಿ ಮನಸ್ಸು ಹೇಳುವ ತೀರ್ಪನ್ನು ನಂಬುವುದು ಬಿಟ್ಟೆ. ಮುಂದಿನ ವಾರ ಹೋದಾಗ ಅವರ ಮುಖ ಹೇಗಿರುತ್ತದೆ ನೋಡಿ, ಅದೊಂದೇ ಸಾಕ್ಷಿ.

ನಡುವೆ ನುಗ್ಗಿದ ಹಾಗೆ ಆಗುವುದಕ್ಕೆ ನನಗೆ ಕೆಲಸ ಮಾಡಿದ ಉಪಾಯ ಒಂದೇ: ಬೇಗ ಹೋಗಿಬಿಡುವುದು. ಎಲ್ಲರೂ ಕೂತು ಆಟ ಶುರುವಾದ ಮೇಲೆ ಹೋದರೆ ಗೋಡೆ ಎದ್ದಿರುತ್ತದೆ. ಕಾಲು ಗಂಟೆ ಮೊದಲು ಹೋದರೆ ಅಲ್ಲಿ ಒಬ್ಬರೋ ಇಬ್ಬರೋ ಕುರ್ಚಿ ಎಳೆಯುತ್ತಿರುತ್ತಾರೆ. ನೀವೂ ಒಂದು ಕುರ್ಚಿ ಎಳೆಯಿರಿ. ಡಬ್ಬಿ ಬಿಚ್ಚಿ ಕಾಯಿ ಜೋಡಿಸಿ, ಕಾರ್ಡ್ ಕಲೆಸಿ. ಆಮೇಲೆ ಬರುವವರಿಗೆ ನೀವು ಮೊದಲೇ ಅಲ್ಲಿದ್ದವರಾಗಿ ಕಾಣುತ್ತೀರಿ, ಅವರೇ ನಿಮ್ಮನ್ನು ಮಾತಾಡಿಸುತ್ತಾರೆ. ಮುಗಿದ ಮೇಲೂ ಹಾಗೆ. ಕಾಯಿಗಳನ್ನು ಎಣಿಸಿ ಡಬ್ಬಿಗೆ ಹಾಕುವ ಹೊತ್ತಿನಲ್ಲಿ ಆಡುವ ಮಾತು ಆಟದ ಹೊತ್ತಿನ ಮಾತಿಗಿಂತ ಎಷ್ಟೋ ಸಲೀಸು.

ಕೈಗೆ ಒಂದು ಕೆಲಸ ಇದ್ದರೆ ನನ್ನಂಥವರಿಗೆ ಬಾಯಿ ತಾನಾಗಿ ಬರುತ್ತದೆ. ಪಾರ್ಕ್‌ರನ್ ಕೇಳಿದ್ದೀರಾ? 2004ರಲ್ಲಿ ಲಂಡನ್ನಿನ ಬುಷಿ ಪಾರ್ಕಿನಲ್ಲಿ 13 ಜನ ಓಡಿ ಶುರುವಾದದ್ದು. ಶನಿವಾರ ಬೆಳಿಗ್ಗೆ, ಐದು ಕಿಲೋಮೀಟರ್, ಉಚಿತ. ಈಗ ಎಷ್ಟೋ ದೇಶಗಳಲ್ಲಿ ನಡೆಯುತ್ತದೆ. ಅದನ್ನು ನಡೆಸುವವರೆಲ್ಲ ಸ್ವಯಂಸೇವಕರು. ಓಡಲು ಬಾರದವರು ಟೈಮ್ ಬರೆದುಕೊಳ್ಳುತ್ತಾರೆ, ತಿರುವಿನಲ್ಲಿ ನಿಂತು ದಾರಿ ತೋರಿಸುತ್ತಾರೆ. ತಿರುವಿನಲ್ಲಿ ಇಬ್ಬರನ್ನು ಜೊತೆಯಾಗಿ ನಿಲ್ಲಿಸಿದರೆ ಅವರು ಅರ್ಧ ಗಂಟೆ ಮಾತಾಡಲೇಬೇಕು ಅಲ್ವಾ. ನಿಮ್ಮ ಗುಂಪಿನಲ್ಲೂ ಇಂಥ ಒಂದು ಕೆಲಸ ಕೇಳಿ ಪಡೆಯಿರಿ.

ದಿಕ್ಸೂಚಿ:

ಎಲ್ಲರೂ ಒಳ್ಳೆಯ ಮಾತು ಹೇಳಿದ್ದಾರೆ. ಸುರಕ್ಷತೆಯ ವಿಷಯ ಯಾರೂ ಎತ್ತಲಿಲ್ಲ, ಅದಕ್ಕೆ ನಾನು ಬರೆಯುತ್ತಿದ್ದೇನೆ. ನಾನು ಒಬ್ಬಳೇ ಇರುವವಳು. ಆ್ಯಪ್ ಮೂಲಕ ಗುಂಪುಗಳಿಗೆ ಹೋಗುತ್ತೇನೆ, ಗೆಳತಿಯರೂ ಸಿಕ್ಕಿದ್ದಾರೆ. ಹೆದರಿಸುವುದಕ್ಕೆ ಹೇಳುತ್ತಿಲ್ಲ. ಒಂದು ಸಲ ಸರಿಮಾಡಿಟ್ಟರೆ ಆಮೇಲೆ ನೆಮ್ಮದಿಯಿಂದ ಹೋಗಬಹುದು.

ಹತ್ತಿರದ ಜನರನ್ನು ತೋರಿಸಬೇಕು ಅಂದರೆ ಆ್ಯಪ್‌ಗೆ ನಿಮ್ಮ ಲೊಕೇಶನ್ ಬೇಕು. ಆದರೆ ನಿಮ್ಮ ಮನೆ ಬಾಗಿಲು ಬೇಕಿಲ್ಲ, ಊರಿನ ಯಾವ ಭಾಗ ಅಂತ ಗೊತ್ತಾದರೆ ಸಾಕು. ಐಫೋನ್‌ನಲ್ಲಿ 2020ರ ಐಓಎಸ್ 14ರಿಂದ, ಆ್ಯಂಡ್ರಾಯ್ಡ್‌ನಲ್ಲಿ 2021ರ ಆ್ಯಂಡ್ರಾಯ್ಡ್ 12ರಿಂದ, ಅಂದಾಜು ಲೊಕೇಶನ್ ಮಾತ್ರ ಕೊಡುವ ಆಯ್ಕೆ ಇದೆ. ಅನುಮತಿ ಕೇಳುವ ಪೆಟ್ಟಿಗೆಯಲ್ಲೇ ಬರುತ್ತದೆ. ಆಗ ತಪ್ಪಿಹೋಗಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ನ ಹೆಸರಿನ ಕೆಳಗೆ ಹೋಗಿ ಬದಲಿಸಿ. "ಆ್ಯಪ್ ಬಳಸುವಾಗ ಮಾತ್ರ" ಅಂತಲೂ ಇಡಿ.

ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಕೆಲವು ಆ್ಯಪ್‌ಗಳು "ಇವರು ಎರಡು ಕಿಲೋಮೀಟರ್ ದೂರದಲ್ಲಿದ್ದಾರೆ" ಅಂತ ತೋರಿಸುತ್ತವೆ. ಬರೀ ದೂರ ತಾನೇ ಅನ್ನಿಸುತ್ತದೆ. ಒಬ್ಬರು ಮೂರು ಬೇರೆ ಬೇರೆ ಜಾಗದಿಂದ ಆ ದೂರವನ್ನು ಅಳೆದರೆ, ಮೂರು ವೃತ್ತಗಳು ಕೂಡುವ ಒಂದೇ ಬಿಂದು ಸಿಗುತ್ತದೆ. ನೀವು ಇರುವ ಜಾಗ ಅದೇ. ಭದ್ರತಾ ಸಂಶೋಧಕರು 2014ರಲ್ಲಿ ಟಿಂಡರ್ ಅನ್ನುವ ಡೇಟಿಂಗ್ ಆ್ಯಪ್‌ನಲ್ಲಿ ಹೀಗೆ ಜಾಗ ಹಿಡಿಯಬಹುದಿತ್ತು ಅಂತ ತೋರಿಸಿದರು, ಕಂಪನಿ ಅದನ್ನು ಸರಿಪಡಿಸಿತು. ದೂರ ತೋರಿಸುವುದನ್ನು ಆಫ್ ಮಾಡುವ ಆಯ್ಕೆ ಇದ್ದರೆ ಆಫ್ ಮಾಡಿ.

ಕಾಂಟ್ಯಾಕ್ಟ್ಸ್ ಅನುಮತಿ ಕೊಡಬೇಡಿ. ಗೆಳೆಯರನ್ನು ಹುಡುಕಲು ನಿಮ್ಮ ಫೋನಿನಲ್ಲಿರುವ ಅಷ್ಟೂ ನಂಬರ್ ಯಾಕೆ ಬೇಕು? ಅವರ ನಂಬರ್ ಕೊಡುವ ಹಕ್ಕು ನಮಗಿಲ್ಲ. ಇನ್ನು ವಾಟ್ಸಾಪ್ ಗ್ರೂಪ್. ಮಾಮೂಲಿ ಗ್ರೂಪ್ ಸೇರಿದರೆ ನಿಮ್ಮ ನಂಬರ್ ಅಲ್ಲಿರುವವರಿಗೆಲ್ಲ ಕಾಣುತ್ತದೆ. ಒಂದು ಗ್ರೂಪ್‌ನಲ್ಲಿ ಇರಬಹುದಾದವರ ಮಿತಿ ಸಾವಿರ ಜನ ದಾಟಿದೆ. ಹಾಗಾಗಿ ಮೊದಲು ಆ್ಯಪ್ ಒಳಗಿನ ಚಾಟ್‌ನಲ್ಲೇ ಇರಿ, ಜನರನ್ನು ಕಣ್ಣಾರೆ ಕಂಡ ಮೇಲೆ ಗ್ರೂಪ್ ಸೇರಿ.

ಮೊದಲ ಭೇಟಿ ಜನ ಓಡಾಡುವ ಜಾಗದಲ್ಲಿ, ಹಗಲಿನಲ್ಲಿ. ನೀವೇ ಹೋಗಿ, ನೀವೇ ಬನ್ನಿ. ಎಲ್ಲಿಗೆ ಹೋಗುತ್ತಿದ್ದೇನೆ ಅಂತ ನಂಬುವ ಒಬ್ಬರಿಗೆ ಹೇಳಿರಿ. ವಾಟ್ಸಾಪ್‌ನಲ್ಲಿ ಲೈವ್ ಲೊಕೇಶನ್ ಕಳಿಸುವಾಗ 15 ನಿಮಿಷ, ಒಂದು ಗಂಟೆ, ಎಂಟು ಗಂಟೆ ಅಂತ ಮೂರು ಆಯ್ಕೆ ಬರುತ್ತವೆ. ನಾನು ಅಕ್ಕನಿಗೆ ಎಂಟು ಗಂಟೆಯದ್ದು ಕಳಿಸಿ, ಮನೆಗೆ ಬಂದ ಮೇಲೆ ನಿಲ್ಲಿಸುತ್ತೇನೆ.

ಗುಂಪಿನ ವೇಷದಲ್ಲಿ ಬರುವ ವ್ಯಾಪಾರದ ಬಗ್ಗೆಯೂ ಎಚ್ಚರ ಇರಲಿ. "ಸಮಾನ ಮನಸ್ಕರ ಕೂಟ" ಅಂತ ಹಾಕಿರುತ್ತಾರೆ, ವಿಷಯ ಏನು ಅಂತ ಎಲ್ಲೂ ಸರಿಯಾಗಿ ಬರೆದಿರುವುದಿಲ್ಲ. ಅಂಥದ್ದಕ್ಕೆ ನಾನೊಮ್ಮೆ ಹೋಗಿದ್ದೆ. ಅರ್ಧ ಗಂಟೆ ನಗುನಗುತ್ತಾ ಮಾತಾಡಿಸಿದರು, ಆಮೇಲೆ ಪ್ರೊಜೆಕ್ಟರ್ ಹಾಕಿ, ಇನ್ನೂ ನಾಲ್ಕು ಜನರನ್ನು ಸೇರಿಸಿದರೆ ಎಷ್ಟು ದುಡ್ಡು ಬರುತ್ತದೆ ಅಂತ ಹೇಳತೊಡಗಿದರು. ಎದ್ದು ಬಂದೆ. ಗೆಳೆತನ ಹುಡುಕಿಕೊಂಡು ಬಂದ ಜನರ ಒಂಟಿತನವನ್ನೇ ಬಂಡವಾಳ ಮಾಡಿಕೊಳ್ಳುವುದು ಕ್ರೂರ ಕೆಲಸ. ಅವತ್ತು ನನ್ನ ಪಕ್ಕದಲ್ಲಿ ಕೂತಿದ್ದ ಹುಡುಗಿ ಊರಿಗೆ ಹೊಸಬಳು, ಮೊದಲ ಸಲ ಹೊರಗೆ ಬಂದಿದ್ದಳು. ಅವಳನ್ನೂ ಕರೆದುಕೊಂಡೇ ಎದ್ದೆ. ಚಾಟ್‌ನಲ್ಲಿ ಯಾರಾದರೂ ಹೂಡಿಕೆ, ಕ್ರಿಪ್ಟೋ, ತುರ್ತು ಸಹಾಯ ಅಂತ ದುಡ್ಡಿನ ಮಾತು ತೆಗೆದರೆ ಅಲ್ಲಿಗೇ ರಿಪೋರ್ಟ್ ಮಾಡಿ, ಬ್ಲಾಕ್ ಮಾಡಿ. ವಾದ ಮಾಡುತ್ತಾ ಕೂರಬೇಡಿ.

ಒಂಟಿನಡಿಗೆ:

ದಿಕ್ಸೂಚಿ ಅವರೇ, ಸೆಟ್ಟಿಂಗ್ಸ್ ತೆಗೆದು ನೋಡಿದೆ. ಎರಡೂ ಆ್ಯಪ್‌ಗೆ ನಿಖರ ಲೊಕೇಶನ್ ಆನ್ ಆಗಿತ್ತು. ಈಗ ಬದಲಿಸಿದೆ. ಕಾಂಟ್ಯಾಕ್ಟ್ಸ್ ಕೂಡ ತೆಗೆದೆ.

ಈ ಗುರುವಾರ ಬೇಗ ಹೋದೆ. ಬೀಗ ತೆಗೆಯುವವರೇ ಇನ್ನೂ ಬಂದಿರಲಿಲ್ಲ! ಬಾಗಿಲ ಹೊರಗೆ ಇನ್ನೊಬ್ಬರು ನಿಂತಿದ್ದರು, ಅವರಿಗೂ ಇದು ಎರಡನೇ ಸಲವಂತೆ. ಇಬ್ಬರೂ ಸೇರಿ ಮೇಜು ಜೋಡಿಸಿದೆವು. ಮುಂದಿನ ವಾರಕ್ಕೆ ಹೊಸ ಆಟದ ನಿಯಮ ಓದಿಕೊಂಡು ಬಂದು ಎಲ್ಲರಿಗೂ ಹೇಳಿಕೊಡುವ ಕೆಲಸ ನನಗೆ ಕೊಟ್ಟಿದ್ದಾರೆ. ನಿಯಮದ ಪುಸ್ತಕ ಮನೆಗೆ ತಂದಿದ್ದೇನೆ.

ಕೊನೆಯದಾಗಿ ಒಂದು ಪ್ರಶ್ನೆ. ನನಗೆ ಬೆಳಗಿನ ಹೊತ್ತು ಹಕ್ಕಿ ನೋಡುವುದು ಇಷ್ಟ. ಆ್ಯಪ್‌ನಲ್ಲಿ ಇರುವ ಹಕ್ಕಿ ಗುಂಪು ಸತ್ತುಹೋಗಿದೆ. ನಾನೇ ಒಂದು ಶುರು ಮಾಡಬಹುದಾ, ಅಥವಾ ಹೊಸಬನಿಗೆ ಅದು ಜಾಸ್ತಿ ಆಯಿತಾ?

ಹಸಿರುಕೊಡೆ:

ಖಂಡಿತ ಶುರು ಮಾಡಿ. ಹೊಸಬರೇ ಒಳ್ಳೆಯ ಗುಂಪು ಕಟ್ಟುತ್ತಾರೆ, ಯಾಕೆಂದರೆ ಹೊಸಬರಿಗೆ ಏನು ಕಷ್ಟ ಅನ್ನುವುದು ಅವರಿಗೆ ಇನ್ನೂ ನೆನಪಿರುತ್ತದೆ. ಆದರೆ ಗುರುವಾರ ಬಿಡಬೇಡಿ.

ಮೀಟಪ್‌ನಂಥ ಆ್ಯಪ್‌ನಲ್ಲಿ ಗುಂಪು ನಡೆಸುವವರು ಚಂದಾ ಕಟ್ಟಬೇಕು. ಗುಂಪುಗಳು ನಿಂತುಹೋಗುವುದಕ್ಕೆ ಅದೂ ಒಂದು ಕಾರಣ. ಹಾಗಾಗಿ ಹೊಸದನ್ನು ತೆರೆಯುವ ಮೊದಲು ಆ ಸತ್ತ ಗುಂಪಿನ ನಿರ್ವಾಹಕರಿಗೆ ಬರೆದು ನೋಡಿ. "ನಾನು ಕಾರ್ಯಕ್ರಮ ಹಾಕಲಾ?" ಅಂತ. ಸುಸ್ತಾಗಿ ಬಿಟ್ಟಿರುತ್ತಾರೆ, ಯಾರಾದರೂ ವಹಿಸಿಕೊಂಡರೆ ಖುಷಿಪಡುತ್ತಾರೆ. ಅವರು ಒಪ್ಪಿದರೆ ಹಳೇ ಸದಸ್ಯರಿಗೆಲ್ಲ ನಿಮ್ಮ ಮೊದಲ ಕಾರ್ಯಕ್ರಮದ ಸುದ್ದಿ ತಾನಾಗಿ ಹೋಗುತ್ತದೆ. ನನ್ನ ನಡಿಗೆ ಗುಂಪು ಕೂಡ ಹಾಗೇ ಇನ್ನೊಬ್ಬರಿಂದ ಬಂದದ್ದು.

ಗುಂಪಿನ ಹೆಸರು, ಲೋಗೋ ಅಂತ ತಲೆ ಕೆಡಿಸಿಕೊಳ್ಳಬೇಡಿ. ದಿನ ಮತ್ತು ಜಾಗ ಗಟ್ಟಿ ಮಾಡಿ. ಯಾರೂ ಬರದಿದ್ದರೂ ನೀವು ಹೇಗಿದ್ದರೂ ಹಕ್ಕಿ ನೋಡಲು ಹೋಗುವ ಜಾಗವನ್ನೇ ಇಟ್ಟುಕೊಳ್ಳಿ, ಆಗ ಒಬ್ಬರೇ ಇದ್ದ ಬೆಳಗೂ ದಂಡವಾಗುವುದಿಲ್ಲ. ಬೈನಾಕ್ಯುಲರ್ ಇಲ್ಲದವರೂ ಬರಬಹುದು ಅಂತ ವಿವರದಲ್ಲಿ ಮೊದಲ ಸಾಲಿನಲ್ಲೇ ಬರೆಯಿರಿ. ಅದಿಲ್ಲ ಅಂತ ಹಿಂಜರಿಯುವವರು ಬಹಳ ಜನ ಇರುತ್ತಾರೆ. ಕಾರ್ನೆಲ್ ವಿಶ್ವವಿದ್ಯಾಲಯದ ಹಕ್ಕಿ ಪ್ರಯೋಗಾಲಯದವರು ಮಾಡಿದ ಮರ್ಲಿನ್ ಆ್ಯಪ್ ಉಚಿತ. ಕೂಗು ಕೇಳಿಸಿದರೆ ಯಾವ ಹಕ್ಕಿ ಇರಬಹುದು ಅಂತ ಹೇಳುತ್ತದೆ. ಅವರದ್ದೇ ಇಬರ್ಡ್‌ನಲ್ಲಿ ಅವತ್ತು ಕಂಡ ಹಕ್ಕಿಗಳ ಪಟ್ಟಿ ಹಾಕಬಹುದು. ಪಟ್ಟಿ ಬರೆಯುವ ಕೆಲಸವನ್ನು ಪ್ರತಿ ವಾರ ಹೊಸಬರೊಬ್ಬರಿಗೆ ಕೊಡಿ, ಮೌನಿ ಹೇಳಿದ ಉಪಾಯ ಇಲ್ಲೂ ನಡೆಯುತ್ತದೆ.

ಮತ್ತೆ, ಮೊದಲ ಕಾರ್ಯಕ್ರಮ ಹಾಕುವಾಗಲೇ ಮುಂದಿನ ನಾಲ್ಕು ವಾರದ್ದನ್ನೂ ಆ್ಯಪ್‌ನಲ್ಲಿ ಹಾಕಿಬಿಡಿ. ಈ ವಾರ ಬರಲಾಗದವರು ಮುಂದಿನ ವಾರದ್ದಕ್ಕೆ ಹೆಸರು ಕೊಡುತ್ತಾರೆ.